ನಾನು ಮುಂದೆ, ಇವರು ಹಿಂದೆ

ನಗುವಂಥದ್ದು ನಡೆಯಲಿ ಅಂತ ನಾನೇನೂ ಕಾದು ಕೂರುವವಳಲ್ಲ. ಹಾಲು ಕಾಯಿಸಿ, ಸಾರಿಗೆ ಒಗ್ಗರಣೆ ಹಾಕಿ, ನನ್ನ ಪಾಡಿಗೆ ನಾನಿರುತ್ತೇನೆ. ಆದರೂ ಅದು ವಿಳಾಸ ಕೇಳಿಕೊಂಡು ನಮ್ಮ ಮನೆಗೇ ಬರುತ್ತದೆ. ಅರವತ್ತು ದಾಟಿದ ಮೇಲೆ ಮೋಟಾರ್ ಸೈಕಲ್ ಕಲಿಯಲು ಹೊರಟೆನಲ್ಲ, ಆಗಂತೂ ಗಂಟುಮೂಟೆ ಸಮೇತ ಬಂದು ನಮ್ಮಲ್ಲೇ ಇಳಿದುಕೊಂಡಿತು.

1. ಬದನೆಕಾಯಿಯ ಸವಾರಿ

ನಮ್ಮದು ಚಿತ್ರದುರ್ಗದ ಕಡೆ. ಇವರಿಗೆ, ಅಂದರೆ ನಮ್ಮ ಯಜಮಾನರಿಗೆ, ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಕೆಲಸವಾಯಿತು ಅಂತ ಮದುವೆಯಾದ ಹೊಸದರಲ್ಲಿ ಬಂದವರು ಇಲ್ಲೇ ಉಳಿದೆವು. ಮಗಳು ಹೈಸ್ಕೂಲಿಗೆ ಸೇರಿದ ವರ್ಷ ಇವರು ಈ ಮೋಟಾರ್ ಸೈಕಲ್ ತಂದರು. ತಂದ ದಿನವೇ ನನಗೋಸ್ಕರ ಅದಕ್ಕೆ ಸೀರೆ ಗಾರ್ಡ್ ಹಾಕಿಸಿದರು. ಹೆಂಗಸರು ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂರುವಾಗ ಪಾದ ಇಡಲು ಒಂದು ಕಬ್ಬಿಣದ ಮೆಟ್ಟಿಲನ್ನೂ ಹಾಕಿಸಿದರು. ಜತೆಗೆ ಒಂದು ಕಾನೂನೂ ಮಾಡಿದರು.

"ಹಿಂದೆ ಕೂತವರು ಮಾತಾಡಬಾರದು. ಬ್ಯಾಲೆನ್ಸ್ ಹೋಗುತ್ತೆ."

ನಾನು ಆ ಕಾನೂನನ್ನು ಒಂದು ದಿನವೂ ಪಾಲಿಸಿದವಳಲ್ಲ ಬಿಡಿ. ಒಂದು ಭಾನುವಾರ ತರಕಾರಿ ಮಾರುಕಟ್ಟೆಯ ಮುಂದೆ ಬದನೆಕಾಯಿಯ ಚೀಲವನ್ನು ಸೀಟಿನ ಮೇಲಿಟ್ಟು, ಕೂರುವ ಮೊದಲು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಹಿಂದೆ ಭಾರ ಬಿತ್ತಲ್ಲ, ಇವರು ಹೊರಟೇಬಿಟ್ಟರು. ನಾನು ರಸ್ತೆಯಲ್ಲಿ ನಿಂತು ಕೂಗುತ್ತಿದ್ದೇನೆ, ಇವರು ಆ ಬದನೆಕಾಯಿಗೆ ಮನೆ ಬಣ್ಣದ ವಿಚಾರ, ಮಗಳ ಓದಿನ ವಿಚಾರ ಎಲ್ಲ ಹೇಳಿಕೊಂಡು ಕಾರ್ಖಾನೆಯ ಟೌನ್‌ಶಿಪ್ಪಿನ ಗೇಟಿನವರೆಗೂ ಹೋಗಿದ್ದಾರೆ. ಅಲ್ಲಿ ಕಾವಲಿನವನು ನಕ್ಕಾಗಲೇ ಇವರಿಗೆ ತಿಳಿದದ್ದು.

ತಿರುಗಿ ಬಂದವರನ್ನು ನಾನು ಸುಮ್ಮನೆ ಬಿಟ್ಟೇನೆಯೇ? "ಅಲ್ರೀ, ಹೆಂಡತಿ ಇದ್ದಾಳೋ ಇಲ್ಲವೋ ಅಂತಾನೂ ಗೊತ್ತಾಗಲಿಲ್ವಾ ನಿಮಗೆ?" ಅಂದೆ.

"ಇವತ್ತಾದರೂ ಹೇಳಿದ ಮಾತು ಕೇಳ್ತಿದ್ದಾಳಲ್ಲ ಅಂತ ಸಂತೋಷಪಟ್ಟುಕೊಂಡೇ ಹೋದೆ ಕಣೇ" ಅಂದರು.

2. ಸೀದ ದೋಸೆ

ಇವರು ರಿಟೈರಾದ ಮೇಲೆ ಊರಂಚಿನ ಪೆಂಡುರ್ತಿಯಲ್ಲಿ ಮನೆ ಮಾಡಿಕೊಂಡೆವು. ಪ್ರತಿ ಭಾನುವಾರ ಇವರು ಮೋಟಾರ್ ಸೈಕಲ್ ಹತ್ತಿ ಋಷಿಕೊಂಡದ ಸಮುದ್ರದ ದಂಡೆಗೆ ಹೋಗುತ್ತಿದ್ದರು. ಕಾರ್ಖಾನೆಯಲ್ಲಿ ಜತೆಗಿದ್ದ ಕನ್ನಡದವರು ಒಂದಷ್ಟು ಜನ ಅಲ್ಲಿ ಸೇರುತ್ತಾರೆ. ಒಬ್ಬರು ಧಾರವಾಡದವರು, ಒಬ್ಬರು ಮಂಡ್ಯದವರು, ಹೀಗೆ. ಬೀದಿಯಲ್ಲಿ ತೆಲುಗು, ಅಳಿಯ ತೆಲುಗು, ಮೊಮ್ಮಕ್ಕಳೂ ತೆಲುಗು. ವಾರವೆಲ್ಲ ಬಾಯಲ್ಲಿ ಕಟ್ಟಿಕೊಂಡ ಕನ್ನಡವನ್ನು ಆ ಮರಳಿನ ಮೇಲೆ ಸುರಿದು ಹಗುರಾಗಿ ಬರುತ್ತಿದ್ದರು.

ಅಷ್ಟರಲ್ಲಿ ಎಡಗಾಲಿನ ಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು. ನಡೆಯಬಹುದು, ಮೋಟಾರ್ ಸೈಕಲ್ ಮಾತ್ರ ಮುಟ್ಟಬೇಡಿ ಅಂದರು ಡಾಕ್ಟರು. "ಆಟೋದಲ್ಲಿ ಹೋಗಿ ಬನ್ನಿ" ಅಂದೆ. "ಸ್ವಂತ ಗಾಡಿಯಲ್ಲಿ ಹೋಗ್ತಿದ್ದವನು ಆಟೋದಿಂದ ಕುಂಟಿಕೊಂಡು ಇಳಿಯೋದಾ?" ಅಂದರು. ಭಾನುವಾರ ಬಂತೆಂದರೆ ಗಾಡಿ ಒರೆಸುವುದು, ಅದರ ಪಕ್ಕ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುವುದು. ನನ್ನ ಜತೆ ಜಗಳ ಆಡುವುದನ್ನೂ ಬಿಟ್ಟರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ಮೆಕ್ಯಾನಿಕ್‌ಗೆ ಫೋನಿನಲ್ಲಿ ಹೇಳುತ್ತಿದ್ದರು: "ಯುಗಾದಿ ಹೊತ್ತಿಗೆ ಒಬ್ಬ ಗಿರಾಕಿ ನೋಡಪ್ಪಾ, ಗಾಡಿ ಕೊಟ್ಟುಬಿಡ್ತೀನಿ."

ನಾನು ಮಗುಚುವ ಕೈ ಹಿಡಿದುಕೊಂಡೇ ಹೊರಗೆ ಬಂದೆ. "ಕೊಡಬೇಡಿ. ನಾನು ಓಡಿಸ್ತೀನಿ."

ಎಷ್ಟೋ ತಿಂಗಳ ಮೇಲೆ ನಕ್ಕರು ನೋಡಿ. "ಅದು ಗೇರ್ ಗಾಡಿ ಕಣೇ!"

"ನಿಮ್ಮ ಜತೆ ಇಷ್ಟು ವರ್ಷ ಬಾಳಿದ್ದೀನಿ, ಗೇರ್ ಗಾಡಿ ಯಾವ ದೊಡ್ಡದು?"

"ಸರಿ. ಯುಗಾದಿಯೊಳಗೆ ಲೈಸೆನ್ಸ್ ತಗೋ, ಗಾಡಿ ಇಲ್ಲೇ ಇರುತ್ತೆ. ಇಲ್ಲದಿದ್ದರೆ ಹೋಗುತ್ತೆ."

"ತಗೊಂಡರೆ ನೀವು ನನ್ನ ಹಿಂದೆ ಕೂತು ಋಷಿಕೊಂಡಕ್ಕೆ ಬರಬೇಕು."

"ಅದೊಂದು ಈ ಜನ್ಮದಲ್ಲಿ ಆಗಲ್ಲ."

ಈ ಮಾತುಕತೆ ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ದೋಸೆ ಸೀದು ಕಪ್ಪಗಾಗಿತ್ತು. ಅದನ್ನೇ ಇವರ ತಟ್ಟೆಗೆ ಹಾಕಿದೆ.

3. ಇಂಜಿನ್ನಿನ ಪುರಾಣ

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕನ್ನಡ ಅಕ್ಷರವನ್ನು ಮನೆಯಲ್ಲಿ ಇವರು ಮಗಳಿಗೆ ಕಲಿಸುವಾಗ ಅವಳ ಪಕ್ಕದಲ್ಲಿ ಕೂತು ಕಲಿತದ್ದು. ಮೊದಲು ಕೊಡುವ ಕಲಿಕೆಯ ಲೈಸೆನ್ಸಿನ ಪರೀಕ್ಷೆಯಲ್ಲಿ ರಸ್ತೆಯ ಚಿತ್ರಗಳನ್ನೇ ಹೆಚ್ಚು ತೋರಿಸುತ್ತಾರೆ. ಮಗಳು ದಿನಾ ವಿಡಿಯೋ ಕಾಲ್ ಮಾಡಿ ಆ ಚಿತ್ರಗಳನ್ನು ಬಾಯಿಪಾಠ ಮಾಡಿಸಿದಳು. ಅದೇನೋ ದಾಟಿದೆ. ಆಮೇಲಿನದು ಇವರ ಪಾಠ.

ಮೊದಲ ದಿನ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ದೇವರಿಗೆ ದೀಪ ಹಚ್ಚಿ, ಗಾಡಿಯ ಪಕ್ಕ ಬಂದು ನಿಂತೆ. ಇವರು ಕುರ್ಚಿಯಲ್ಲಿ ಕೂತು ಶುರುಮಾಡಿದರು. ಇಂಜಿನ್ ಒಳಗೆ ಏನಿದೆ, ಪಿಸ್ಟನ್ ಯಾಕೆ ಮೇಲೆ ಕೆಳಗೆ ಆಡುತ್ತೆ, ಪೆಟ್ರೋಲು ಎಲ್ಲಿ ಹೊತ್ತಿಕೊಳ್ಳುತ್ತೆ... ಕಾರ್ಖಾನೆಯಲ್ಲಿ ಹೊಸಬರಿಗೆ ಪಾಠ ಹೇಳಿದವರಲ್ಲವೇ, ಅದೇ ಧಾಟಿ. ಸಂಜೆಯಾಯಿತು. ಸೊಳ್ಳೆ ಬಂದವು. ನಾನಿನ್ನೂ ಗಾಡಿ ಹತ್ತಿಲ್ಲ.

"ಏನ್ರೀ, ಅನ್ನ ಮಾಡೋದು ಹೇಳಿಕೊಡಿ ಅಂದರೆ ಗದ್ದೆ ಉಳೋಕೆ ಕರಕೊಂಡು ಹೋಗ್ತೀರಲ್ಲ!" ಅಂದೆ.

ಸಿಟ್ಟಿನಲ್ಲಿ ಮಾರನೆಯ ದಿನ ಹತ್ತಿಸಿದರು. ಪಕ್ಕದಲ್ಲಿ ಖಾಲಿ ಸೈಟಿದೆ, ಅದರಾಚೆ ಯಾರೋ ಮನೆ ಕಟ್ಟಿಸಲು ಮರಳು ಸುರಿಸಿದ್ದರು. ಕ್ಲಚ್ಚು ಹಿಡಿದೆ, ಗೇರು ಹಾಕಿದೆ, ಕ್ಲಚ್ಚು ಬಿಟ್ಟೆ. ಗಾಡಿ ಹಗ್ಗ ಬಿಚ್ಚಿದ ಕರುವಿನ ಹಾಗೆ ನೆಗೆಯಿತು. ಆದರೂ ನೇರವಾಗಿಯೇ ಹೋಗುತ್ತಿದ್ದೆ, ದೇವರಾಣೆ. ಅಷ್ಟರಲ್ಲಿ ಇವರು ಹಿಂದಿನಿಂದ "ಲೇ! ಲೇ! ಇಲ್ಲಿ ಕೇಳು!" ಅಂತ ಕೂಗಿದರು. ಗಂಡ ಕರೆದ ಅಂತ ತಿರುಗಿ ನೋಡಿದೆ. ನಾನು ಎತ್ತ ತಿರುಗಿದೆನೋ ಗಾಡಿಯೂ ಅತ್ತ ತಿರುಗಿತು. ಇಬ್ಬರೂ ಹೋಗಿ ಮರಳಿನ ರಾಶಿಯಲ್ಲಿ ಕೂತೆವು.

ಇವರು ಕುಂಟುತ್ತಾ ಬಂದು, "ಯಾಕೆ ತಿರುಗಿದೆ?" ಅಂತ ಕೇಳಿದರು.

"ನೀವು ಕರೆದಿರಲ್ಲ!"

"ತಿರುಗಬೇಡ ಅಂತ ಹೇಳೋಕೆ ಕರೆದೆ ಕಣೇ!"

4. ಫಸ್ಟ್ ಗೇರಿನ ಪ್ರದಕ್ಷಿಣೆ

ಲೈಸೆನ್ಸಿಗೆ ಎಂಟರ ಅಂಕಿಯ ಮೇಲೆ ಗಾಡಿ ಓಡಿಸಿ ತೋರಿಸಬೇಕು, ಕಾಲು ನೆಲಕ್ಕೆ ತಾಗಬಾರದು ಅಂದರು. ಎಂಟು ಅಂದರೆ ನನಗೇನು ಹೊಸದೇ? ಎರಡು ಚುಕ್ಕಿ ಇಟ್ಟು ಎಳೆ ಸುತ್ತಿಸಿದರೆ ಎಂಟು. ಹುಟ್ಟಿದಾಗಿನಿಂದ ರಂಗೋಲಿಯಲ್ಲಿ ಅದನ್ನೇ ಬಿಡುತ್ತಾ ಬಂದಿದ್ದೇನೆ. ಒಂದು ಸಂಜೆ ರಂಗೋಲಿ ಪುಡಿಯ ಡಬ್ಬಿ ಹಿಡಿದು ಖಾಲಿ ಸೈಟಿನ ತುಂಬ ದೊಡ್ಡ ಎಂಟು ಬರೆದೆ. ಬೆಳಿಗ್ಗೆ ಎದ್ದು ಅದರ ಮೇಲೆ ಓಡಿಸಿದರಾಯಿತು ಅಂತ ಮಲಗಿದೆ.

ನಾನು ಮರೆತದ್ದು ಒಂದೇ. ಅದು ಧನುರ್ಮಾಸ. ಸಂಕ್ರಾಂತಿಯವರೆಗೆ ಇಲ್ಲಿನ ಹೆಂಗಸರು ನಸುಕಿನಲ್ಲೇ ಎದ್ದು ಬೀದಿಯಗಲ ರಂಗೋಲಿ ಹಾಕುತ್ತಾರೆ. ಅದಕ್ಕೆ ಇಲ್ಲಿ ಮುಗ್ಗು ಅನ್ನುತ್ತಾರೆ. ನಾನು ಬೆಳಿಗ್ಗೆ ಗಾಡಿ ತಳ್ಳಿಕೊಂಡು ಬಂದರೆ, ನನ್ನ ಎಂಟರ ಗುರುತೇ ಸಿಗಲಿಲ್ಲ! ಒಂದು ಸುತ್ತಿಗೆ ಅರಿಶಿನ ಬಣ್ಣ, ಇನ್ನೊಂದಕ್ಕೆ ಗುಲಾಬಿ ಬಣ್ಣ. ಎರಡರ ನಡುವೆಯೂ ಗೌರಿ ಅಂತ ಪೂಜಿಸುವ ಸಗಣಿ ಉಂಡೆಯ ಗೊಬ್ಬೆಮ್ಮಗಳನ್ನು ಕೂರಿಸಿ, ತಲೆಗೆ ಕುಂಬಳದ ಹೂ ಮುಡಿಸಿ, ಬೀದಿಯ ಹೆಂಗಸರೆಲ್ಲ ಕೈಕಟ್ಟಿ ನಿಂತು ಚೆಂದ ನೋಡುತ್ತಿದ್ದಾರೆ.

ಪಕ್ಕದ ಮನೆಯಾಕೆ ನನ್ನನ್ನು ಅತ್ತಿಗೆಯ ಲೆಕ್ಕದಲ್ಲಿ ವದಿನ ಅಂತ ಕರೆಯುತ್ತಾಳೆ. "ವದಿನಾ, ಎಷ್ಟು ದೊಡ್ಡ ಮುಗ್ಗು ಹಾಕಿದ್ದೀರಿ! ಬಣ್ಣ ಮಾತ್ರ ಬಾಕಿ ಬಿಟ್ಟಿದ್ದಿರಿ, ನಾವು ತುಂಬಿದೆವು" ಅಂದಳು ತೆಲುಗಿನಲ್ಲಿ.

"ಅಯ್ಯೋ, ಅದು ಮುಗ್ಗಲ್ಲಮ್ಮಾ, ಅದರ ಮೇಲೆ ನಾನು ಗಾಡಿ ಓಡಿಸಬೇಕು!"

ಎಲ್ಲರೂ ಎದೆಯ ಮೇಲೆ ಕೈ ಇಟ್ಟುಕೊಂಡರು. "ಗೊಬ್ಬೆಮ್ಮನ ಮೇಲೆ ಗಾಡಿ ಹತ್ತಿಸ್ತೀರಾ?"

ಹತ್ತಿಸುವುದುಂಟೇ? ಹಾಗಂತ ಪಾಠ ಬಿಡುವುದೂ ಉಂಟೇ? ಬಣ್ಣಕ್ಕೆ ಚಕ್ರ ತಾಗದ ಹಾಗೆ, ಅಂಚಿನಲ್ಲೇ, ಉಸಿರು ಬಿಗಿಹಿಡಿದು ಸುತ್ತಿದೆ. ಕೂದಲೆಳೆಯಷ್ಟು ಒಳಗೆ ಬಂದರೂ ಹೆಂಗಸರೆಲ್ಲ ಒಟ್ಟಿಗೆ "ಆ! ಆ!" ಅನ್ನುತ್ತಿದ್ದರು. ಯಾವ ಇನ್‌ಸ್ಪೆಕ್ಟರೂ ಅಷ್ಟು ಕಟ್ಟುನಿಟ್ಟಾಗಿ ನೋಡಿರಲಾರ. ಇಲ್ಲಿನ ಪದ್ಧತಿಯಂತೆ ಗೊಬ್ಬೆಮ್ಮನ ಸುತ್ತ ಹೆಣ್ಣುಮಕ್ಕಳು ಹಾಡು ಹೇಳುತ್ತಾ ಸುತ್ತುತ್ತಾರೆ. ನಮ್ಮ ಬೀದಿಯಲ್ಲಿ ಆ ವರ್ಷ ನಾನೊಬ್ಬಳು ಫಸ್ಟ್ ಗೇರಿನಲ್ಲಿ ಸುತ್ತಿದೆ.

5. ಹೂ ಮುಡಿದ ಹೆಲ್ಮೆಟ್ಟು

ಸಂಕ್ರಾಂತಿಗೆ ಮಗಳ ಮನೆಗೆ ಹೋದೆ. ವಿಜಯವಾಡದ ಹತ್ತಿರ ಇಬ್ರಾಹಿಂಪಟ್ನಂ. ಅಳಿಯನಿಗೆ ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಕೆಲಸ. ಕ್ವಾರ್ಟರ್ಸಿನ ರಸ್ತೆಗಳು ಅಗಲ, ಹಿಂದಿನಿಂದ "ಲೇ" ಅನ್ನಲು ಇವರೂ ಇಲ್ಲ. ಬೆಳಿಗ್ಗೆ ಅಳಿಯ ಡ್ಯೂಟಿಗೆ ಹೊರಡುವ ಮೊದಲು ಅವನ ಗಾಡಿಯಲ್ಲೇ ಕಲಿಯುವುದು ಅಂತಾಯಿತು. ಮಗಳು ತನ್ನ ಚೂಡಿದಾರ ಕೊಟ್ಟಳು. ಮೊದಲ ಸಲ ಹಾಕಿದೆ. ಗಾಳಿ ಎಲ್ಲಿಂದೆಲ್ಲಿಗೋ ಆಡುತ್ತಿತ್ತು, ಚೆನ್ನಾಗಿತ್ತು.

ತೊಂದರೆ ಆದದ್ದು ಬೀಗಿತ್ತಿಯಿಂದ. ಅಳಿಯನ ತಾಯಿ, ಬಲು ದೈವಭಕ್ತೆ. ದಿನಾ ನಾನು ಗಾಡಿ ಹತ್ತುವ ಮೊದಲು ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು, ಹ್ಯಾಂಡಲ್ಲಿಗೆ ಕುಂಕುಮ ಹಚ್ಚಬೇಕು, ಕರ್ಪೂರದ ಆರತಿ ಎತ್ತಬೇಕು. ಪೂಜೆಗೇ ಅರ್ಧ ಹೊತ್ತು ಹೋಗುತ್ತಿತ್ತು. ಒಂದು ದಿನ ಹೆಲ್ಮೆಟ್ಟು ಹಾಕಲು ನಾನು ತಲೆಯ ಹೂ ತೆಗೆದಿಟ್ಟೆ. ಆಕೆಗೆ ಸಹಿಸಲಾಗಲಿಲ್ಲ. "ಮುತ್ತೈದೆ ಹೂವಿಲ್ಲದೆ ಹೊರಗೆ ಹೋಗೋದಾ?" ಅಂತ, ಒಂದು ಮಾರು ಮಲ್ಲಿಗೆಯನ್ನು ಹೆಲ್ಮೆಟ್ಟಿನ ಹಿಂಭಾಗಕ್ಕೆ ಗಟ್ಟಿಯಾಗಿ ಕಟ್ಟಿಬಿಟ್ಟಳು. ಮುಂಭಾಗಕ್ಕೆ ಮೂರು ಬೆರಳಿನಲ್ಲಿ ವಿಭೂತಿ.

ನಾನು ಸುತ್ತು ಹಾಕಿ ಬರುವಷ್ಟರಲ್ಲಿ ಅಳಿಯನಿಗೆ ಹೊತ್ತಾಗಿತ್ತು. ನನ್ನ ಕೈಯಿಂದ ಹೆಲ್ಮೆಟ್ಟು ಕಸಿದುಕೊಂಡು, ನೋಡದೆ ತಲೆಗೆ ಹಾಕಿಕೊಂಡು ಹೊರಟೇಹೋದ. ನಾವು ಮೂವರು ಹೆಂಗಸರು "ನಿಲ್ಲು, ನಿಲ್ಲು" ಅಂತ ಓಡಿದೆವು. ಕೇಳಲಿಲ್ಲ.

ಸಂಜೆ ಬಂದ. ತಲೆ ತಗ್ಗಿಸಿಕೊಂಡು ನನ್ನ ಮುಂದೆ ಒಂದು ಹೊಸ ಹೆಲ್ಮೆಟ್ಟು ಇಟ್ಟ. "ಅತ್ತಯ್ಯಗಾರೂ, ಇನ್ನು ಮೇಲೆ ನಿಮ್ಮದು ನಿಮಗೆ, ನನ್ನದು ನನಗೆ."

"ಯಾರಾದರೂ ನಕ್ಕರಾ ಬಾಬೂ?" ಅಂತ ಕೇಳಿದೆ, ಪಾಪ ಅನ್ನಿಸಿ.

"ನಕ್ಕಿದ್ದರೆ ಪರವಾಗಿಲ್ಲ. ಗೇಟಿನವನು ಚಪ್ಪಲಿ ಬಿಟ್ಟು ಬಂದು ಪ್ರಸಾದ ಕೇಳಿದ" ಅಂದ.

6. ಮೇಡಂಗಾರು

ಊರಿಗೆ ಹೊರಟಾಗ ಮಗಳು ಗೋಂಗೂರದ, ಅಂದರೆ ಪುಂಡಿಸೊಪ್ಪಿನ, ಉಪ್ಪಿನಕಾಯಿ ಜಾಡಿ, ಅರಿಸೆಲು ಅನ್ನುವ ಕಜ್ಜಾಯ, ಇನ್ನೂ ಏನೇನೋ ಕಟ್ಟಿಕೊಟ್ಟಳು. ಎರಡು ಕೈಯೂ ತುಂಬಿತು. ಹೆಲ್ಮೆಟ್ಟು ಎಲ್ಲಿಡುವುದು? ತಲೆ ಖಾಲಿ ಇತ್ತಲ್ಲ, ಅಲ್ಲೇ ಇಟ್ಟೆ. ಚೂಡಿದಾರ, ಮುಖ ಮುಚ್ಚುವ ಕಪ್ಪು ಗಾಜಿನ ಹೆಲ್ಮೆಟ್ಟು, ಎರಡು ಚೀಲ. ಹೀಗೆ ಪೆಂಡುರ್ತಿಯಲ್ಲಿ ಆಟೋ ಇಳಿದು ನಮ್ಮ ಮನೆಯ ಗೇಟು ತಟ್ಟಿದೆ.

ಇವರು ಬಾಗಿಲಿಗೆ ಬಂದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಲುಂಗಿ ಕೆಳಗಿಳಿಸಿ, ಕೈ ಜೋಡಿಸಿ, "ಮೇಡಂಗಾರೂ, ಎವರು ಕಾವಾಲಂಡಿ?" ಅಂದರು. ಯಾರು ಬೇಕಾಗಿತ್ತು ಅಂತ ನನ್ನನ್ನೇ ಕೇಳುತ್ತಿದ್ದಾರೆ!

ಇಷ್ಟು ವರ್ಷದ ಸಂಸಾರದಲ್ಲಿ ಇವರ ಬಾಯಿಂದ ನನಗೆ "ಲೇ" ಬಂದಿದೆ, "ಏನೇ" ಬಂದಿದೆ. ಮರ್ಯಾದೆಯ "ಗಾರು" ಬಂದದ್ದು ಅವತ್ತೇ. ಮಾತಾಡಿದರೆ ಕೆಟ್ಟಿತು ಅಂತ, ಬಾಯಿಗೆ ಬೆರಳು ತೋರಿಸಿ ನೀರು ಬೇಕು ಅಂತ ಸನ್ನೆ ಮಾಡಿದೆ. ಒಳಗೆ ಓಡಿ, ಹೊಸ ಲೋಟ ತೊಳೆದು, ಅದರ ಕೆಳಗೆ ತಟ್ಟೆ ಹಿಡಿದು ತಂದರು. "ಮನೆಯವರು ಊರಲ್ಲಿಲ್ಲ, ಕೂತ್ಕೊಳ್ಳಿ, ಕಾಫಿ ಮಾಡ್ತೀನಿ" ಅಂತ ತೆಲುಗಿನಲ್ಲಿ ಉಪಚಾರ ಬೇರೆ.

ಕಾಫಿ ಮಾಡುವುದು ಇವರಿಗೆ ಬರುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು. ಹೆಲ್ಮೆಟ್ಟು ತೆಗೆದದ್ದು ಕಾಫಿ ಬಂದ ಮೇಲೆಯೇ.

7. ಕಾಲು ತಾಗಲಿಲ್ಲ

ಯುಗಾದಿ ಹತ್ತಿರ ಬಂತು. ಪರೀಕ್ಷೆಯ ದಿನ ನಾವಿಬ್ಬರೂ ಆಟೋದಲ್ಲಿ ಹೋದೆವು. ಗಾಡಿಯನ್ನು ಮೆಕ್ಯಾನಿಕ್ ಓಡಿಸಿಕೊಂಡು ಬಂದಿದ್ದ. ಅವನ ಹಿಂದೆ ಇನ್ನೊಬ್ಬ ಕೂತಿದ್ದ. "ಇವರು ಯಾರಪ್ಪಾ?" ಅಂತ ಕೇಳಿದೆ. "ಗಿರಾಕಿ ಅಮ್ಮಾ. ನೀವು ಫೇಲಾದರೆ ಇಲ್ಲಿಂದಲೇ ತಗೊಂಡು ಹೋಗ್ತಾರೆ" ಅಂದ. ಆ ಮನುಷ್ಯ ಆಗಲೇ ನಮ್ಮ ಗಾಡಿಯ ಸೀಟು ಒತ್ತಿ ಒತ್ತಿ ನೋಡುತ್ತಿದ್ದ. ನನಗೆ ಎಲ್ಲಿತ್ತೋ ರೋಷ! ಸೀಟಿನ ಮೇಲಿಂದ ಅವನ ಕೈ ತೆಗೆಸಿ ಹತ್ತಿ ಕೂತೆ.

ಇನ್‌ಸ್ಪೆಕ್ಟರು ಮಗಳ ವಯಸ್ಸಿನ ಹುಡುಗಿ. "ಅಮ್ಮಾ, ಎಂಟರ ಮೇಲೆ ಹೋಗಬೇಕು, ಕಾಲು ನೆಲಕ್ಕೆ ತಾಗಬಾರದು. ತಾಗಿದರೆ ಫೇಲು" ಅಂದಳು. ಹೊರಟೆ. ಕಣ್ಣಿಗೆ ಆ ಸಿಮೆಂಟು ನೆಲ ಕಾಣಲಿಲ್ಲ. ಒಂದು ಸುತ್ತಿಗೆ ಅರಿಶಿನ ಬಣ್ಣ, ಒಂದಕ್ಕೆ ಗುಲಾಬಿ. ನಡುವೆ ಗೊಬ್ಬೆಮ್ಮ. ಹಿಂದಿನಿಂದ "ಆ! ಆ!" ಅನ್ನುವ ಹೆಂಗಸರು. ಶುರುಮಾಡಿದಲ್ಲಿಗೇ ಎಳೆ ತಂದು ಮುಗಿಸಿದೆ.

"ಸಾಕಮ್ಮಾ, ನಿಲ್ಲಿಸಿ!" ಅಂದಳು. ನಿಲ್ಲಿಸಿದೆ. ಕಾಲು ನೆಲಕ್ಕೆ ತಾಗಬಾರದು ಅಂದಿದ್ದಳಲ್ಲ, ಎರಡೂ ಕಾಲನ್ನು ಮೇಲೆಯೇ ಹಿಡಿದುಕೊಂಡು ನಿಲ್ಲಿಸಿದೆ. ಗಾಡಿ ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ನಿಧಾನವಾಗಿ, ಮರ್ಯಾದೆಯಿಂದ, ಎಡಕ್ಕೆ ಮಲಗಿತು. ಜತೆಗೆ ನಾನೂ ಮಲಗಿದೆ. ಮಲಗಿದಲ್ಲಿಂದಲೇ ಕಾಲು ಎತ್ತಿ ತೋರಿಸಿ, "ನೋಡಮ್ಮಾ, ತಾಗಲಿಲ್ಲ!" ಅಂದೆ.

ಆ ಹುಡುಗಿ ಮುಖಕ್ಕೆ ಕಾಗದ ಅಡ್ಡ ಹಿಡಿದುಕೊಂಡು ಎಷ್ಟೋ ಹೊತ್ತು ನಕ್ಕಳು. "ನೀವು ಬಿದ್ದದ್ದು ಪರೀಕ್ಷೆ ಮುಗಿದ ಮೇಲೆ. ಪಾಸು" ಅಂದಳು. ಇವರು ಮಂಡಿ ನೋವನ್ನೂ ಮರೆತು ಓಡಿ ಬಂದರು. ನನ್ನನ್ನು ಎಬ್ಬಿಸುತ್ತಾರೆ ಅಂತ ಕೈ ಚಾಚಿದೆ. ಇವರು ನನ್ನನ್ನು ದಾಟಿಕೊಂಡು ಹೋಗಿ, ಗಿರಾಕಿಯ ಎದುರು ಗಾಡಿಗೆ ಅಡ್ಡ ನಿಂತು, "ಇದು ಮಾರೋಕಿಲ್ಲ" ಅಂದರು.

8. ಒಂದೇ ಕಡೆಗೆ ಕಾಲು

ಗಾಡಿ ಉಳಿಯಿತು. ಆದರೆ ಹಿಂದೆ ಕೂರಲು ಇವರು ಒಪ್ಪಬೇಕಲ್ಲ? ಯುಗಾದಿ ಕಳೆದ ಭಾನುವಾರ ನಾನು ಚೂಡಿದಾರ ಹಾಕಿ, ಡಬ್ಬಿಯಲ್ಲಿ ಒಬ್ಬಟ್ಟು ತುಂಬಿ, ಗಾಡಿ ಶುರುಮಾಡಿದೆ. "ನೀವು ಬರಬೇಡಿ. ನಾನೊಬ್ಬಳೇ ಹೋಗಿ ನಿಮ್ಮ ಸ್ನೇಹಿತರಿಗೆ ಕೊಟ್ಟು, ಅವರ ಜತೆ ಕನ್ನಡ ಮಾತಾಡಿಕೊಂಡು ಬರ್ತೀನಿ" ಅಂದೆ.

ಹೊರಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಆಗಲೇ ಹಾಕಿಕೊಂಡು, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ತಯಾರಾಗಿದ್ದರು. ಕಾಲೆತ್ತಿ ಆಚೆ ಹಾಕಲು ನೋಡಿದರು. ಮಂಡಿ ಬಗ್ಗಲಿಲ್ಲ. ಮತ್ತೆ ನೋಡಿದರು. ಆಗಲಿಲ್ಲ. ಮುಖ ಚಿಕ್ಕದಾಯಿತು. ನಾನು ಮುಂದೆ ನೋಡಿಕೊಂಡು ಕೂತೆ. ಕೊನೆಗೆ ಬೆನ್ನು ತಿರುಗಿಸಿ, ಸೀಟಿನ ಮೇಲೆ ಕುಂಡೆ ಊರಿ, ಎರಡೂ ಕಾಲನ್ನು ಒಂದೇ ಕಡೆಗೆ ಇಳಿಬಿಟ್ಟು ಕೂತರು. ನನಗಂತ ಹಾಕಿಸಿದ ಆ ಕಬ್ಬಿಣದ ಮೆಟ್ಟಿಲಿನ ಮೇಲೆ ಇವರ ಪಾದ ಸರಿಯಾಗಿ ಕೂತಿತು. ಮಡಿಲಲ್ಲಿ ಒಬ್ಬಟ್ಟಿನ ಚೀಲ.

ದಾರಿಯುದ್ದಕ್ಕೂ "ಲಾರಿ ಬಂತು... ಗೇರು ಬದಲಾಯಿಸು... ಹಾರ್ನ್ ಹೊಡಿ..." ಅಂತ ಒಂದೇ ಸಮ. ಕೊನೆಗೆ ನಾನು ಹೇಳಿದೆ: "ಹಿಂದೆ ಕೂತವರು ಮಾತಾಡಬಾರದು. ಬ್ಯಾಲೆನ್ಸ್ ಹೋಗುತ್ತೆ." ಅಲ್ಲಿಗೆ ಬಾಯಿ ಮುಚ್ಚಿತು. ದಂಡೆ ಹತ್ತಿರ ಬಂದಾಗ ಮಾತ್ರ, "ಇಲ್ಲೇ ಇಳಿಸು, ನಡಕೊಂಡು ಹೋಗ್ತೀನಿ" ಅಂದರು. ನಾನು ಕೇಳಿಸದವಳ ಹಾಗೆ ಸ್ನೇಹಿತರು ಕೂತಲ್ಲಿಯವರೆಗೂ ಹೋಗಿ ನಿಲ್ಲಿಸಿದೆ.

ಎಲ್ಲರೂ ಎದ್ದು ನಿಂತರು. ಧಾರವಾಡದವರು ಬಾಯಿ ಬಿಟ್ಟರು: "ಏನಪಾ, ಮದುಮಗಳ ಹಂಗ ಕುಂತು ಬಂದೀ!"

ನಾನು ಇವರ ಮುಖ ನೋಡಿದೆ. ಈಗ ಸಿಟ್ಟು ಮಾಡಿಕೊಂಡರೆ ಇನ್ನೊಂದು ಭಾನುವಾರ ಇಲ್ಲ. ಇವರು ನಿಧಾನವಾಗಿ ಇಳಿದು, ಸೊಂಟ ಹಿಡಿದುಕೊಂಡು, "ನಗಬೇಡ್ರೋ, ಕೂತು ನೋಡಿ. ನಮ್ಮ ಹೆಂಗಸರು ಇಷ್ಟು ವರ್ಷ ಬೀಳದೆ ಹೇಗೆ ಕೂತರು ಅಂತ ನನಗಿನ್ನೂ ಅರ್ಥವಾಗಿಲ್ಲ" ಅಂದರು. ಅಲ್ಲಿಂದ ಶುರುವಾದ ಮಾತು ಹೊತ್ತು ಮುಳುಗುವವರೆಗೂ ನಿಲ್ಲಲಿಲ್ಲ.

ಹೊರಡುವಾಗ ಇವರು ಖಾಲಿ ಡಬ್ಬಿಯ ಚೀಲವನ್ನು ಹಿಂದಿನ ಹಿಡಿಗೆ ಸಿಕ್ಕಿಸಿದರು. ಗಾಡಿ ಜಗ್ಗಿತು. ಕೂತರು ಅಂದುಕೊಂಡು ಹೊರಟೆ. ದಾರಿಯಲ್ಲಿ ಮನಸ್ಸು ಬಿಚ್ಚಿ ಮಾತಾಡಿದೆ. "ಬೇಜಾರಾಯ್ತಾ? ನೀವು ಹಾಗೆ ಹೇಳಿದ್ದು ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ? ಮುಂದಿನ ವಾರ ಚಕ್ಕುಲಿ ತರೋಣ..." ಒಂದಕ್ಕೂ ಉತ್ತರವಿಲ್ಲ. ಕಾನೂನು ಪಾಲಿಸುತ್ತಿದ್ದಾರೆ, ಎಂಥ ಗಂಡ ನನ್ನ ಗಂಡ ಅಂತ ಕಣ್ಣು ತುಂಬಿ ಬಂತು. ಹಂಪು ಬಂತು. "ಗಟ್ಟಿಯಾಗಿ ಹಿಡ್ಕೊಳ್ಳಿ" ಅಂದೆ. ಹೆಗಲ ಮೇಲೆ ಕೈ ಬೀಳಲಿಲ್ಲ. ಗಾಡಿ ನಿಲ್ಲಿಸಿ ಹಿಂದೆ ತಡಕಿದೆ. ಸಿಕ್ಕಿದ್ದು ಡಬ್ಬಿ.

ಗಾಡಿ ತಿರುಗಿಸಿಕೊಂಡು ವಾಪಸು ಹೋದೆ. ಇವರು ಸ್ನೇಹಿತರ ನಡುವೆ ಮರಳಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದಾರೆ, ಎಲ್ಲರ ಕೈಯಲ್ಲೂ ಮಂಡಕ್ಕಿಯ ಪೊಟ್ಟಣ. ಬದನೆಕಾಯಿಯ ಕಥೆ ಹೇಳಿ ಮುಗಿಸಿ, "ಇವತ್ತು ಬಡ್ಡಿ ಸಮೇತ ತೀರಿಸಿದಳು" ಅನ್ನುತ್ತಿದ್ದರು. ನನ್ನನ್ನು ನೋಡಿ, "ಇಷ್ಟು ಬೇಗ ಯಾಕೆ ಬಂದೆ? ಇನ್ನೊಂದಿಷ್ಟು ಮಾತು ಬಾಕಿ ಇತ್ತಲ್ಲ" ಅಂದರು.

ಆಮೇಲೆ ಬಂದು ಒಂದೇ ಕಡೆಗೆ ಕಾಲು ಹಾಕಿ ಕೂತರು. ನನ್ನ ವೇಲಿನ ತುದಿ ಎಳೆದುಕೊಂಡು, ತಮ್ಮ ಹೆಗಲ ಮೇಲಿನ ಟವೆಲಿನ ತುದಿಗೆ ಗಂಟು ಹಾಕಿದರು. ಮದುವೆಯ ದಿನ ಪುರೋಹಿತರು ಹಾಕಿದ್ದು ಬಿಟ್ಟರೆ ಅಷ್ಟು ಗಟ್ಟಿ ಗಂಟು ನಾನು ನೋಡಿಲ್ಲ. "ಈಗ ಬಿಟ್ಟು ಹೋಗು ನೋಡೋಣ" ಅಂದರು.

ಅದನ್ನು ಕಂಡದ್ದೇ ತಡ, ಧಾರವಾಡದವರು "ಗಟ್ಟಿಮೇಳ! ಗಟ್ಟಿಮೇಳ!" ಅಂತ ಕೂಗಿದರು. ಎಲ್ಲರೂ ಪೊಟ್ಟಣಕ್ಕೆ ಕೈ ಹಾಕಿ, ಈರುಳ್ಳಿ ಖಾರ ಸಮೇತ ಆ ಮಂಡಕ್ಕಿಯನ್ನೇ ನಮ್ಮಿಬ್ಬರ ಹೆಲ್ಮೆಟ್ಟಿನ ಮೇಲೆ ಅಕ್ಷತೆಯಾಗಿ ಹಾಕಿದರು. ನಾನು ಗೇರು ಹಾಕಿದೆ. ಹಿಂದಿನಿಂದ ಮದುಮಗಳು, "ನಿಧಾನ ಕಣೇ, ನಿಧಾನ!" ಅನ್ನುತ್ತಿದ್ದಳು.